ನಾಯಿ, ಬೆಕ್ಕು ದಿಢೀರ್ ಕುಸಿದಾಗ: ತೊಂದರೆ ಪತ್ತೆ ಹಚ್ಚಿ ಕೈಹಾಕುವ ಕ್ರಮ

ಮನೆಯ ನಾಯಿ ಕುಸಿದು ಬಿದ್ದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು: ಒಬ್ಬರು ಬಾಯಿಗೆ ನೀರು ಹುಯ್ಯುತ್ತಾರೆ, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ, ಮತ್ತೊಬ್ಬರು ಕಾರಿನ ಕೀ ಹುಡುಕುತ್ತಾರೆ. ನೀರು ಹಾಕುವುದು ನೇರ ಅಪಾಯ. ಪ್ರಜ್ಞೆಯಿಲ್ಲದ ಪ್ರಾಣಿ ನುಂಗಲಾರದು, ಹುಯ್ದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಈರುಳ್ಳಿಯಿಂದ ಹೊತ್ತು ಹೋಗುತ್ತದೆ, ಅಷ್ಟೇ. ಕಾರಿನ ಕೀ ಬೇಕು ನಿಜ, ಆದರೆ ಉಸಿರು ನಿಂತಿದ್ದರೆ ಅದು ಎರಡನೇ ಕೆಲಸ. ಹೃದಯ ನಿಂತ ಮೇಲೆ ಮಿದುಳು ತಾಳುವುದು ಕೆಲವೇ ನಿಮಿಷ. ಅಷ್ಟರೊಳಗೆ ಆಸ್ಪತ್ರೆಯ ಬಾಗಿಲು ಮುಟ್ಟುವ ಮನೆಗಳು ಬಹಳ ಕಡಿಮೆ.

ಮೊದಲ 15 ಸೆಕೆಂಡು: ಎರಡೇ ಪ್ರಶ್ನೆ

ಸುತ್ತ ಒಮ್ಮೆ ನೋಡಿ. ಕರೆಂಟ್ ವೈರ್, ಹಾವು, ಬರುತ್ತಿರುವ ವಾಹನ, ಗ್ಯಾಸ್ ವಾಸನೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಮೊದಲ ಪ್ರಶ್ನೆ: ಎಚ್ಚರ ಇದೆಯೇ? ಹೆಸರು ಹಿಡಿದು ಜೋರಾಗಿ ಕರೆಯಿರಿ, ಬೆನ್ನ ಕಡೆಯಿಂದ ಭುಜ ತಟ್ಟಿ, ಹಿಂಗಾಲಿನ ಬೆರಳುಗಳ ನಡುವಿನ ಚರ್ಮವನ್ನು ಗಟ್ಟಿಯಾಗಿ ಚಿವುಟಿ. ಮುಖದ ಹತ್ತಿರ ಮುಖ ಒಯ್ಯಬೇಡಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೇ ಕಚ್ಚುತ್ತದೆ.

ಎರಡನೇ ಪ್ರಶ್ನೆ: ಉಸಿರು ಇದೆಯೇ? ಎದೆ ಮತ್ತು ಹೊಟ್ಟೆ ಸೇರುವ ಜಾಗ ಏರಿಳಿಯುತ್ತಿದೆಯೇ ನೋಡಿ. ಎಲ್ಲರೂ ಎಡವುವುದು ಇಲ್ಲೇ. ಹೃದಯ ನಿಂತ ಮೇಲೂ ಆಗಾಗ ಬಾಯಿ ಅಗಲವಾಗಿ ತೆರೆದು, ಕುತ್ತಿಗೆ ಹಿಂದಕ್ಕೆ ಚಾಚಿ ಒಂದು ಗುಟುಕು ಎಳೆಯುವುದುಂಟು. ಅದನ್ನು ಉಸಿರೆಂದು ಲೆಕ್ಕ ಹಾಕಬಾರದು. ಹತ್ತು ಸೆಕೆಂಡಿಗೊಮ್ಮೆ ಬರುವ ಅಂಥ ಗುಟುಕು ಕಂಡು ‘ಇನ್ನೂ ಜೀವ ಇದೆ, ಕಾಯೋಣ’ ಎಂದು ನಿಂತರೆ ಉಳಿದ ಅವಕಾಶವೂ ಹೋಗುತ್ತದೆ.

ನಾಡಿ ಹುಡುಕುತ್ತ ಕೂರುವುದು ಬೇಡ. ತೊಡೆಯ ಒಳಭಾಗದಲ್ಲಿ ನಾಡಿ ಸಿಗುತ್ತದೆ ನಿಜ, ಆದರೆ ಕೈ ನಡುಗುವಾಗ ನಿಮ್ಮ ಬೆರಳಿನ ಬಡಿತವೇ ನಾಯಿಯದೆಂದು ಅನ್ನಿಸಬಹುದು; ಅನುಭವಿಗಳೂ ತಪ್ಪುತ್ತಾರೆ. ಎಚ್ಚರವಿಲ್ಲ, ಉಸಿರಿಲ್ಲ ಎಂದಾದರೆ ಎದೆ ಒತ್ತಲು ಶುರು ಮಾಡಿ. ಬಡಿಯುತ್ತಿರುವ ಹೃದಯದ ಮೇಲೆ ಸ್ವಲ್ಪ ಹೊತ್ತು ಒತ್ತಿದರೆ ಆಗುವ ಹಾನಿ ಅಲ್ಪ, ನಿಂತ ಹೃದಯವನ್ನು ಒತ್ತದೆ ಬಿಟ್ಟರೆ ಸಾವು ಖಚಿತ.

ಎದೆ ಒತ್ತುವ ಕ್ರಮ

ಕೆಳಗಿನ ಅಳತೆಗಳು ಪಶು ತುರ್ತುಚಿಕಿತ್ಸಾ ತಜ್ಞರ ‘ರಿಕವರ್’ ಮಾರ್ಗಸೂಚಿಯವು. 2012ರಲ್ಲಿ ಬಂದ ಅದು 2024ರಲ್ಲಿ ಪರಿಷ್ಕರಣೆಯಾಗಿದೆ.

ಗಟ್ಟಿ ನೆಲದ ಮೇಲೆ ಮಲಗಿಸಿ. ಸೋಫಾ, ಹಾಸಿಗೆ, ಕಾರಿನ ಸೀಟು ಆಗದು, ಒತ್ತಿದ ಬಲವೆಲ್ಲ ಸ್ಪಂಜಿಗೆ ಹೋಗುತ್ತದೆ. ಎಡ, ಬಲ ಯಾವ ಮಗ್ಗುಲಾದರೂ ಸರಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಆಳ, ಎದೆಯ ಅಗಲದ ಮೂರನೇ ಒಂದರಿಂದ ಅರ್ಧದವರೆಗೆ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಹೃದಯಕ್ಕೆ ರಕ್ತ ತುಂಬುವುದು ಆ ಮೇಲೇಳುವ ಹೊತ್ತಿನಲ್ಲಿ.

ಕೈ ಎಲ್ಲಿಡಬೇಕೆಂಬುದು ಎದೆಯ ಆಕಾರದ ಮೇಲೆ ನಿಂತಿದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್‌ಗಳದು ದುಂಡು ಎದೆ: ಮಗ್ಗುಲಾಗಿ ಮಲಗಿಸಿ, ಎದೆ ಅತಿ ಅಗಲವಿರುವ ಕಡೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಒತ್ತಿ. ಮುಧೋಳ, ಡಾಬರ್‌ಮನ್, ಗ್ರೇಹೌಂಡ್‌ಗಳದು ಕಿರಿದಾದ, ಆಳವಾದ ಎದೆ: ಇವಕ್ಕೆ ನೇರ ಹೃದಯದ ಮೇಲೆಯೇ ಒತ್ತಬೇಕು. ಮುಂಗಾಲು ಮಡಚಿದಾಗ ಮೊಣಕೈ ಎದೆಗೆ ತಾಗುವ ಜಾಗವೇ ಹೃದಯ. ಬುಲ್‌ಡಾಗ್‌ನಂಥ ಅಗಲ ಎದೆಯವನ್ನು ಅಂಗಾತ ಮಲಗಿಸಿ ನಡುಎದೆಯ ಮೂಳೆಯ ಮೇಲೆ ಒತ್ತಿ. ಅಲ್ಲಿ ಎದೆಯ ಆಳದ ಕಾಲು ಭಾಗ ಇಳಿದರೆ ಸಾಕು. ಬೆಕ್ಕಿಗೂ ಪುಟ್ಟ ನಾಯಿಗೂ ಎರಡೂ ಕೈಯಿಂದ ಎದೆ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಬಹುದು, ಇಲ್ಲವೇ ಒಂದೇ ಕೈಯಲ್ಲಿ ಎದೆಯ ತಳಭಾಗವನ್ನು ಹಿಡಿದು ಹಿಂಡಬಹುದು.

ದೊಡ್ಡ ನಾಯಿಗೆ ಮೊಣಕೈ ಮಡಚದೆ, ಭುಜ ನೇರ ಅಂಗೈ ಮೇಲೆ ಬರುವಂತೆ ಮಂಡಿಯೂರಿ, ಸೊಂಟದಿಂದ ಬಾಗಿ ಒತ್ತಿ. ಬರೀ ತೋಳಬಲದಲ್ಲಿ ಒತ್ತಿದರೆ ಒಂದೇ ನಿಮಿಷಕ್ಕೆ ಸೋಲುತ್ತೀರಿ.

30 ಸಲ ಒತ್ತಿದ ಮೇಲೆ ಎರಡು ಉಸಿರು. ನಾಲಿಗೆ ಹೊರಗೆಳೆದು ಬಾಯಿ ಒಮ್ಮೆ ನೋಡಿ, ಬಾಯಿ ಮುಚ್ಚಿ ಹಿಡಿದು, ಕುತ್ತಿಗೆ ಬೆನ್ನಿನ ಸಾಲಿಗೆ ನೇರ ಮಾಡಿ, ಮೂಗಿನ ಹೊಳ್ಳೆಗಳ ಮೇಲೆ ಬಾಯಿಟ್ಟು ಒಂದು ಸೆಕೆಂಡು ಊದಿ. ಬೆಕ್ಕಿಗೆ ಮೂಗು ಬಾಯಿ ಎರಡೂ ನಿಮ್ಮ ಬಾಯೊಳಗೇ ಬರುತ್ತವೆ. ಎದೆ ಮಾಮೂಲಿನಷ್ಟು ಏರಿದರೆ ಊದುವುದನ್ನು ನಿಲ್ಲಿಸಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಿ. ಆಗಲೇ ಉಸಿರು, ಎದೆಬಡಿತ ನೋಡಿಕೊಳ್ಳಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ.

ರೇಬೀಸ್ ವಿಷಯ ಇಲ್ಲೇ ಹೇಳಬೇಕು. ಬೀದಿ ನಾಯಿ, ಲಸಿಕೆ ಹಾಕಿಸಿದ್ದು ಖಚಿತವಿಲ್ಲದ ನಾಯಿ, ಇತ್ತೀಚೆಗೆ ನಡವಳಿಕೆ ಬದಲಾದ ಅಥವಾ ಜೊಲ್ಲು ಸುರಿಸುತ್ತಿದ್ದ ಪ್ರಾಣಿಯಾದರೆ ಬಾಯಿ ಹಚ್ಚಬೇಡಿ, ಎದೆ ಮಾತ್ರ ಒತ್ತಿ. ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ತೊಳೆಯಿರಿ. ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ. ಅದೇ ದಿನ ನಿಮಗೆ ಲಸಿಕೆ ಶುರುವಾಗಬೇಕು.

ಒತ್ತುತ್ತಿದ್ದೇವೆ, ಆದರೂ ಏನೋ ಸರಿಯಿಲ್ಲ

ಊದಿದರೂ ಎದೆ ಏರುತ್ತಿಲ್ಲ. ನಾಲ್ಕು ಕಾರಣ, ಇದೇ ಕ್ರಮದಲ್ಲಿ ನೋಡಿ: ತುಟಿಯ ಪಕ್ಕದಿಂದ ಗಾಳಿ ಸೋರುತ್ತಿದೆ, ಕುತ್ತಿಗೆ ಮಡಚಿದೆ ಅಥವಾ ತೀರಾ ಹಿಂದಕ್ಕೆ ಬಾಗಿದೆ, ಮೂಗಿನಲ್ಲಿ ವಾಂತಿ, ಸಿಂಬಳ ತುಂಬಿದೆ, ಗಂಟಲಲ್ಲಿ ವಸ್ತು ಸಿಕ್ಕಿದೆ. ಹೊಟ್ಟೆ ಉಬ್ಬುತ್ತಿದ್ದರೆ ಜೋರಾಗಿ ಊದುತ್ತಿದ್ದೀರಿ, ಗಾಳಿ ಅನ್ನನಾಳಕ್ಕೆ ಹೋಗುತ್ತಿದೆ. ಹೊಟ್ಟೆ ಅದುಮಬೇಡಿ, ವಾಂತಿ ಬರುತ್ತದೆ. ಊದುವುದನ್ನು ಕಡಿಮೆ ಮಾಡಿ ಅಷ್ಟೇ.

ದೇಹ ಜಾರುತ್ತಿದೆಯೇ? ಬೆನ್ನನ್ನು ಗೋಡೆಗೆ ಒರಗಿಸಿ. ಪಕ್ಕೆಲುಬು ಲಟಕ್ಕೆಂದರೆ ಹೆದರಿ ನಿಲ್ಲಿಸಬೇಡಿ. ಕೈ ಜಾಗ ಬಿಟ್ಟು ಸರಿದಿದೆಯೇ ನೋಡಿಕೊಂಡು ಮುಂದುವರಿಸಿ. ಮುರಿದ ಪಕ್ಕೆಲುಬು ಕೂಡುತ್ತದೆ. ಒಬ್ಬರೇ ಇದ್ದು ಕೈ ಸೋತಿದ್ದರೆ, ವೇಗ ಕಳೆದುಕೊಂಡು ಒತ್ತುವ ಬದಲು ಉಸಿರು ಕೊಡುವುದನ್ನು ಬಿಟ್ಟು ಒತ್ತುವುದನ್ನಷ್ಟೇ ಸರಿಯಾಗಿ ಮಾಡಿ. ಕಣ್ಣಿಗೆ ಬೆಳಕು ಬಿಟ್ಟು ನೋಡುವುದು, ನೆಬ್ಯುಲೈಜರ್ ಹುಡುಕುವುದು, ವಿಡಿಯೊ ಕಾಲ್ ಮಾಡುವುದು ಇವೆಲ್ಲ ಎರಡನೇ ವ್ಯಕ್ತಿಯ ಕೆಲಸ. ಒತ್ತುವ ಕೈ ನಿಲ್ಲಬಾರದು.

ಫಲದ ಬಗ್ಗೆ ಮುಚ್ಚುಮರೆ ಬೇಡ. ಆಸ್ಪತ್ರೆಯೊಳಗೇ ಹೃದಯ ನಿಂತರೂ ಬದುಕಿ ಮನೆಗೆ ಮರಳುವ ನಾಯಿ, ಬೆಕ್ಕುಗಳು ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಅರಿವಳಿಕೆ ಕೊಟ್ಟಾಗ ನಿಂತದ್ದಾದರೆ ಮಾತ್ರ ಲೆಕ್ಕ ಬಹಳ ಮೇಲೆ. ಮನೆಯಲ್ಲಿ ಇನ್ನೂ ಕಡಿಮೆ. ಗಂಟಲಿಗೆ ಸಿಕ್ಕಿದ್ದು, ಕರೆಂಟ್ ಹೊಡೆದದ್ದು, ನೀರಿನಲ್ಲಿ ಮುಳುಗಿದ್ದು ಇಂಥ ದಿಢೀರ್ ಕಾರಣಗಳಲ್ಲಿ ಪ್ರಯತ್ನಕ್ಕೆ ಅರ್ಥವಿದೆ. ಕೊನೆಯ ಹಂತದ ಕಿಡ್ನಿ ರೋಗ, ಕ್ಯಾನ್ಸರ್ ಇರುವ ಮುದಿ ಪ್ರಾಣಿಯನ್ನು ಒತ್ತದೆ ಬಿಡುವುದೂ ತಪ್ಪಲ್ಲ. ಬಿಡದೆ 20 ನಿಮಿಷ ಒತ್ತಿಯೂ ಏನೂ ಕಾಣದಿದ್ದರೆ ನಿಲ್ಲಿಸಬಹುದು.

ಮುಳುಗಿದ ನಾಯಿಯನ್ನು ಕಾಲು ಹಿಡಿದು ಗರಗರ ತಿರುಗಿಸಬೇಡಿ. ತಲೆ ಕೆಳಗೆ ಮಾಡಿ ಬಾಯಿಯ ನೀರು ಸುರಿಸಿ, ಉಸಿರಿಲ್ಲದಿದ್ದರೆ ಉಸಿರು ಕೊಡುವುದರಿಂದಲೇ ಶುರು ಮಾಡಿ. ಹುಟ್ಟಿದ ತಕ್ಷಣ ಉಸಿರಾಡದ ಮರಿಯನ್ನೂ ಬೀಸಬಾರದು. ಮೂಗು ಬಾಯಿ ಒರೆಸಿ, ಒಣ ಟವೆಲ್‌ನಲ್ಲಿ ಬೆನ್ನು, ಎದೆ ಚೆನ್ನಾಗಿ ಉಜ್ಜಿ.

ಉಸಿರಿದೆ, ಆದರೆ ಏಳುತ್ತಿಲ್ಲ: ಒಸಡು ನೋಡಿ

ತುಟಿ ಎತ್ತಿ ಒಸಡಿನ ಬಣ್ಣ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗುಲಾಬಿ ಬಣ್ಣವಿದ್ದು, ಬೆರಳಿನಿಂದ ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ಬಂದರೆ ರಕ್ತಸಂಚಾರ ಸರಿಯಿದೆ. ಬಿಳಿಚಿಕೊಂಡಿದ್ದರೆ ರಕ್ತ ಹೋಗಿದೆ ಅಥವಾ ಆಘಾತ (ಶಾಕ್, ಅಂದರೆ ರಕ್ತಸಂಚಾರವೇ ಕುಸಿದ ಸ್ಥಿತಿ). ಹೊರಗೆ ರಕ್ತ ಕಾಣದಿದ್ದರೆ ಹೊಟ್ಟೆಯೊಳಗೆ ಸೋರುತ್ತಿರಬಹುದು. ಉಣ್ಣಿ ಕಚ್ಚಿ ಬರುವ ಜ್ವರದಲ್ಲೂ ಒಸಡು ಬಿಳಿಚುತ್ತದೆ, ಆದರೆ ಹಾಗೆ ಆಗುವುದು ದಿನಗಟ್ಟಲೆಯಲ್ಲಿ. ನೀಲಿ ಎಂದರೆ ಆಮ್ಲಜನಕವಿಲ್ಲ. ಇಟ್ಟಿಗೆಯಂತೆ ಕೆಂಪಾಗಿದ್ದರೆ ಬಿಸಿಲಾಘಾತ ಅಥವಾ ಸೋಂಕು. ಹಳದಿಯಾದರೆ ಕಾಮಾಲೆ. ಬೆಕ್ಕಿನ ಒಸಡು ಕಂದು ತಿರುಗಿ, ಮುಖ, ಪಾದ ಊದಿದ್ದರೆ ಮೊದಲ ಪ್ರಶ್ನೆ: ಯಾರಾದರೂ ಪ್ಯಾರಾಸಿಟಮಾಲ್ ಕೊಟ್ಟಿರಾ? ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು, ಒಂದೇ ಮಾತ್ರೆ ಕೊಲ್ಲಬಲ್ಲದು.

ಹೋಲಿಸಿ ನೋಡಲು ಮಾಮೂಲು ಲೆಕ್ಕ: ನಾಯಿಯ ಎದೆಬಡಿತ ನಿಮಿಷಕ್ಕೆ 60ರಿಂದ 140 (ಗಾತ್ರ ಚಿಕ್ಕದಾದಷ್ಟೂ ಹೆಚ್ಚು), ಬೆಕ್ಕಿನದು 140ರಿಂದ 220. ಮಲಗಿ ವಿಶ್ರಾಂತಿಯಲ್ಲಿದ್ದಾಗ ಉಸಿರು 30ರೊಳಗೆ. ಗುದದಲ್ಲಿ ತೆಗೆದ ಉಷ್ಣತೆ ಎರಡಕ್ಕೂ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಡಿಜಿಟಲ್ ಥರ್ಮಾಮೀಟರಿಗೆ ಕೊಬ್ಬರಿ ಎಣ್ಣೆ ಹಚ್ಚಿ ಎರಡು ಸೆಂಟಿಮೀಟರ್ ಒಳಗಿಟ್ಟರೆ ಸಾಕು.

ರಕ್ತ ಹರಿಯುತ್ತಿದ್ದರೆ ಶುಭ್ರ ಬಟ್ಟೆ ಮಡಚಿ ಐದು ನಿಮಿಷ ಒತ್ತಿಹಿಡಿಯಿರಿ. ನಿಂತಿತೇ ಎಂದು ಮೂವತ್ತು ಸೆಕೆಂಡಿಗೊಮ್ಮೆ ಎತ್ತಿ ನೋಡುವುದೇ ನಿಲ್ಲದಿರಲು ಮುಖ್ಯ ಕಾರಣ. ಬಟ್ಟೆ ತೊಯ್ದರೆ ಅದರ ಮೇಲೆ ಇನ್ನೊಂದು. ಅರಿಸಿನ, ಕಾಫಿಪುಡಿ ಬೇಡ. ಕತ್ತರಿಸುವಾಗ ಉಗುರಿನಲ್ಲಿ ರಕ್ತ ಬಂದರೆ ಮಾತ್ರ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಬಹುದು.

‘ಗಂಟಲಲ್ಲಿ ಏನೋ ಸಿಕ್ಕಿದೆ’

ಈ ದೂರಿನ ಹಿಂದೆ ಐದು ಬೇರೆ ಬೇರೆ ತೊಂದರೆಗಳಿರುತ್ತವೆ.

ಗಟ್ಟಿ ಒಣ ಕೆಮ್ಮು, ಕೊನೆಗೆ ಬಿಳಿ ನೊರೆ, ಆದರೆ ಊಟ, ಓಡಾಟ ಸರಿಯಿದ್ದರೆ ಅದು ಕೆನಲ್ ಕೆಮ್ಮು, ತುರ್ತಲ್ಲ. ಕುತ್ತಿಗೆ ಚಾಚಿ ನಿಂತು ಮೂಗಿನಿಂದ ಗೊರಗೊರ ಎಂದು ಉಸಿರನ್ನು ಒಳಗೆಳೆದು, ಒಂದು ನಿಮಿಷದಲ್ಲಿ ಏನೂ ಆಗದಂತೆ ಬಾಲ ಅಲ್ಲಾಡಿಸಿದರೆ ಅದು ಹಿಮ್ಮುಖ ಸೀನು. ಪಗ್ ಮತ್ತು ಚಿಕ್ಕ ತಳಿಗಳಲ್ಲಿ ಸಾಮಾನ್ಯ. ಉಸಿರು ಸರಾಗವಾಗಿದ್ದು ಬಾಯಿಯನ್ನು ಪಂಜದಿಂದ ಕೆರೆದುಕೊಳ್ಳುತ್ತಿದ್ದರೆ ಮೇಲಿನ ಹಲ್ಲುಸಾಲುಗಳ ನಡುವೆ ಮೂಳೆ ಅಡ್ಡ ಸಿಕ್ಕಿರುತ್ತದೆ.

ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ನುಂಗಲಾಗದೆ, ಬೊಗಳುವ ದನಿ ಬದಲಾಗಿದ್ದರೆ ಬಾಯೊಳಗೆ ಕೈ ಹಾಕಲೇಬೇಡಿ. ಮೂಕ ರೇಬೀಸ್ ಕಾಣುವುದು ಹೀಗೆಯೇ. ಮೂಳೆ ತೆಗೆಯಲು ಹೋಗಿ ಸೋಂಕು ತಗುಲಿಸಿಕೊಳ್ಳುವುದು ನಮ್ಮಲ್ಲಿ ನಿಜವಾದ ಅಪಾಯ.

ಐದನೆಯದು ನಿಜವಾದ ಉಸಿರುಗಟ್ಟುವಿಕೆ. ಅಲ್ಲಿ ಶಬ್ದವೇ ಇರುವುದಿಲ್ಲ. ಕಣ್ಣು ಅಗಲಿಸಿ ಒದ್ದಾಟ, ಒಸಡು ನೀಲಿ, ನಿಮಿಷದೊಳಗೆ ಕುಸಿತ. ಬಾಯಿ ತೆರೆದು ಕಣ್ಣಿಗೆ ಕಂಡ ವಸ್ತುವನ್ನು ಮಾತ್ರ ಹಿಡಿದು ಎಳೆಯಿರಿ. ಕಾಣದೆ ಬೆರಳಾಡಿಸಿದರೆ ಇನ್ನೂ ಒಳಗೆ ತಳ್ಳುತ್ತೀರಿ. ಜೊತೆಗೆ ನಾಲಿಗೆಯ ಬುಡದಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆ ನಾಯಿಯದೇ, ಅದನ್ನು ಕೀಳಲು ಹೋಗಬೇಡಿ. ಚಿಕ್ಕ ನಾಯಿಯನ್ನು ತಲೆಕೆಳಗಾಗಿ ಹಿಡಿದು ಭುಜಗಳ ನಡುವೆ ಅಂಗೈಯಿಂದ ಐದು ಪೆಟ್ಟು ಕೊಡಿ. ದೊಡ್ಡದಾದರೆ ಹಿಂದಿನಿಂದ ಬಳಸಿ, ಕೊನೆಯ ಪಕ್ಕೆಲುಬಿನ ಹಿಂದೆ ಮುಷ್ಟಿಯಿಟ್ಟು ಮುಂದಕ್ಕೂ ಮೇಲಕ್ಕೂ ಐದು ಸಲ ಜೋರಾಗಿ ಎಳೆಯಿರಿ. ರಬ್ಬರ್ ಚೆಂಡು ಸಿಕ್ಕಿದ್ದರೆ ಬಾಯಿಯಿಂದ ಹಿಡಿಯಲು ಹೋದಷ್ಟೂ ಜಾರುತ್ತದೆ. ಹೊರಗಿನಿಂದ, ದವಡೆಯ ಕೆಳಗೆ ಗಂಟಲಿನ ಮೇಲೆ, ಚೆಂಡಿನ ಹಿಂದೆ ಎರಡೂ ಹೆಬ್ಬೆರಳಿಟ್ಟು ಬಾಯಿಯತ್ತ ತಳ್ಳಿ. ಪ್ರಜ್ಞೆ ತಪ್ಪಿದರೆ ಎದೆ ಒತ್ತಲು ಶುರು ಮಾಡಿ, ಪ್ರತಿ ಸಲ ಊದುವ ಮುನ್ನ ಬಾಯಿ ನೋಡಿ.

ಬೆಕ್ಕಿನ ನಾಲಿಗೆಯಡಿ ದಾರ ಕಂಡರೆ ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿದ್ದರೆ ಕರುಳನ್ನೇ ಕೊಯ್ಯುತ್ತದೆ.

ಬಿಸಿಲಾಘಾತ

ನಾಯಿಯ ಮೈ ತಣಿಯುವುದು ಮುಖ್ಯವಾಗಿ ನಾಲಿಗೆಯಿಂದ ತೇವ ಆರುವ ಮೂಲಕ. ಹಾಗಾಗಿ ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟಿದ ಒಣ ಬಿಸಿಲಷ್ಟೇ ಅಲ್ಲ, ಮಂಗಳೂರಿನ 33 ಡಿಗ್ರಿಯ ಒದ್ದೆ ಸೆಕೆಯೂ ಅಪಾಯ. ಗಾಳಿಯಲ್ಲೇ ತೇವ ತುಂಬಿದ್ದರೆ ನಾಲಿಗೆಯ ತೇವ ಆರದು. ಪಗ್, ಬುಲ್‌ಡಾಗ್, ಹಸ್ಕಿ, ಸೇಂಟ್ ಬರ್ನಾರ್ಡ್ ಮೊದಲು ಬೀಳುತ್ತವೆ. ಜೋರು ಏದುಸಿರು, ಅಂಟು ಜೊಲ್ಲು, ತೂರಾಟ, ವಾಂತಿ, ಭೇದಿ, ಉಷ್ಣತೆ 41 ಡಿಗ್ರಿಯ ಹತ್ತಿರ: ಆಗ ಮೊದಲು ತಣಿಸಿ, ಆಮೇಲೆ ಸಾಗಿಸಿ. ಬಿಸಿ ಕಾರಿನೊಳಗಿನ ಅರ್ಧ ಗಂಟೆ ಕೊಲ್ಲುತ್ತದೆ.

ನೆರಳಿಗೆ ತಂದು ನಲ್ಲಿ ನೀರನ್ನು ಹೊಟ್ಟೆ, ತೊಡೆ ಸಂದು, ಪಾದ, ಬೆನ್ನಿನ ಮೇಲೆ ಸುರಿಯುತ್ತಲೇ ಇರಿ, ಫ್ಯಾನ್ ಹಚ್ಚಿ. ತಾರಸಿಯ ಟ್ಯಾಂಕ್ ನೀರು ಮಧ್ಯಾಹ್ನ ಕೈ ಸುಡುವಂತಿರುತ್ತದೆ, ಮೊದಲು ಮುಟ್ಟಿ ನೋಡಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಐದು ನಿಮಿಷಕ್ಕೆ ಅದೇ ಬಿಸಿ ಕಂಬಳಿಯಾಗುತ್ತದೆ. ಐದೈದು ನಿಮಿಷಕ್ಕೆ ಉಷ್ಣತೆ ನೋಡಿ, 39.5ಕ್ಕೆ ಇಳಿದ ತಕ್ಷಣ ನೀರು ನಿಲ್ಲಿಸಿ ಮೈ ಒರೆಸಿ, ಇಲ್ಲವಾದರೆ ಮಾಮೂಲಿಗಿಂತ ಕೆಳಗೆ ಜಾರುತ್ತದೆ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು. ನಾಯಿ ಎದ್ದು ಓಡಾಡಿದರೂ ಅದೇ ದಿನ ವೈದ್ಯರಿಗೆ ತೋರಿಸಿ; ಕಿಡ್ನಿ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ.

ಕರೆಂಟ್, ಹಾವು, ವಿಷ

ವೈರ್ ಕಚ್ಚಿ ಬಿದ್ದ ನಾಯಿಯನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆ ಮಾಡಿ. ಎದ್ದು ನಿಂತ ನಾಯಿಗೂ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ. ಒಂದೂವರೆ ದಿನ ಉಸಿರಿನ ಮೇಲೆ ಕಣ್ಣಿಡಿ.

ಹಾವು ಕಚ್ಚಿದ ಜಾಗವನ್ನು ಕಟ್ಟುವುದು, ಕೊಯ್ಯುವುದು, ಹೀರುವುದು ಮೂರೂ ಬೇಡ. ಕೊಳಕುಮಂಡಲವಾದರೆ ಊತ, ನೋವು, ಮೂತ್ರದಲ್ಲಿ ರಕ್ತ. ನಾಗರ, ಕಟ್ಟುಹಾವಾದರೆ ರೆಪ್ಪೆ ಜೋಲುವುದು, ಕಾಲು ಕುಸಿಯುವುದು, ಕೊನೆಗೆ ಉಸಿರಿನ ಸ್ನಾಯುಗಳೇ ನಿಲ್ಲುವುದು. ಇಲ್ಲಿ ಹೃದಯ ಬಡಿಯುತ್ತಿದ್ದು ಉಸಿರು ಮಾತ್ರ ನಿಂತಿರಬಹುದು. ಅಂಗೈಗೆ ಬಡಿತ ಸ್ಪಷ್ಟವಾಗಿ ತಾಗುತ್ತಿದ್ದರೆ ನಿಮಿಷಕ್ಕೆ ಹತ್ತರಂತೆ ಉಸಿರು ಕೊಡುತ್ತ ಒಯ್ಯಿರಿ. ಮನುಷ್ಯರಿಗೆ ಕೊಡುವ ಬಹುವಿಷ ನಿರೋಧಕವೇ (ಹಲವು ಹಾವುಗಳ ವಿಷಕ್ಕೆ ಒಂದೇ ಮದ್ದು) ನಾಯಿಗೂ ಬೇಕು, ಹೊರಡುವ ಮುನ್ನ ಫೋನ್ ಮಾಡಿ ಅದು ಅಲ್ಲಿದೆಯೇ ಕೇಳಿ.

ಇಲಿ ಪಾಷಾಣದಲ್ಲಿ ಎರಡು ಜಾತಿ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ನಾಯಿ ಮೂರರಿಂದ ಐದು ದಿನ ಚೆನ್ನಾಗಿಯೇ ಇದ್ದು ಆಮೇಲೆ ರಕ್ತಸ್ರಾವದಲ್ಲಿ ಬೀಳುತ್ತದೆ. ‘ಏನೂ ಆಗಲಿಲ್ಲ’ ಎಂದು ಮೊದಲ ದಿನ ಸುಮ್ಮನಾಗುವುದೇ ತಪ್ಪು. ಜಿಂಕ್ ಫಾಸ್ಫೈಡ್ ಎಂಬ ಬೂದುಕಪ್ಪು ಪುಡಿ ಹೊಟ್ಟೆಯ ಆಮ್ಲ ಸೇರಿ ವಿಷಾನಿಲವಾಗುತ್ತದೆ. ಅನ್ನ, ಹಾಲು ಹಾಕಿದರೆ ಆಮ್ಲ ಹೆಚ್ಚಿ ಅನಿಲವೂ ಹೆಚ್ಚುತ್ತದೆ. ಅಂಥ ನಾಯಿಯ ಬಾಯಿಗೆ ಬಾಯಿ ಹಚ್ಚಬೇಡಿ, ಕಾರಿನ ಕಿಟಕಿ ತೆರೆದಿಡಿ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸುವ ರೂಢಿ ಬಿಡಿ, ರಕ್ತದಲ್ಲಿ ಉಪ್ಪೇರಿ ಫಿಟ್ಸ್ ಬರುತ್ತದೆ. ಕೀಟನಾಶಕ ಮೈಗೆ ಬಿದ್ದು ಜೊಲ್ಲು, ನಡುಕ, ಸೂಜಿಮೊನೆಯಷ್ಟಾದ ಕಣ್ಣಪಾಪೆ ಕಂಡರೆ ಕೈಗವಸು ಹಾಕಿ ಸೋಪಿನಲ್ಲಿ ತೊಳೆದು ಹೊರಡಿ.

ಫಿಟ್ಸೋ, ತಲೆಸುತ್ತೋ

ಮೆತ್ತಗೆ ಕುಸಿದು ಸೆಕೆಂಡುಗಳಲ್ಲಿ ಎದ್ದು ಮೊದಲಿನಂತಾದರೆ ಹೃದಯದ ಕಡೆ ನೋಡಬೇಕು. ಕಾಲು ಬಡಿದು, ಜೊಲ್ಲು ಸುರಿಸಿ, ಮೂತ್ರ ಹೋಗಿ, ಆಮೇಲೆ ಮಂಕಾಗಿದ್ದರೆ ಫಿಟ್ಸ್. ಬೀಗದ ಕೈ ಹಿಡಿಸುವುದರಿಂದ ಏನೂ ಆಗದು, ನಾಲಿಗೆ ನುಂಗಿಕೊಳ್ಳುವುದೂ ಇಲ್ಲ. ಸುತ್ತಲಿನ ವಸ್ತು ಸರಿಸಿ, ದೀಪ ಆರಿಸಿ, ಗಡಿಯಾರ ನೋಡಿ, ವಿಡಿಯೊ ಮಾಡಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ ತುರ್ತು. ಪುಟ್ಟ ಮರಿಯಾದರೆ ಸಕ್ಕರೆ ಇಳಿದಿರಬಹುದು, ಒಸಡಿಗೆ ಜೇನು ಸವರಿ. ಮರಿ ಹಾಕಿ ಮೂರ್ನಾಲ್ಕು ವಾರವಾದ ಪೊಮೆರೇನಿಯನ್ ಮೈ ಬಿಗಿದು ನಡುಗುತ್ತಿದ್ದರೆ ಕ್ಯಾಲ್ಸಿಯಂ ಕೊರತೆ: ಮರಿಗಳನ್ನು ಬೇರೆ ಮಾಡಿ ತಕ್ಷಣ ಒಯ್ಯಿರಿ.

ದೊಡ್ಡ ತಳಿಯ ನಾಯಿ ವಾಂತಿಗೆ ಹವಣಿಸುತ್ತಿದ್ದು ಏನೂ ಬಾರದೆ, ಹೊಟ್ಟೆ ನಗಾರಿಯಂತೆ ಉಬ್ಬಿದ್ದರೆ ಜಠರ ತಿರುಚಿಕೊಂಡಿದೆ. ಓಮದ ನೀರು, ಈನೋ ಕೊಡುತ್ತ ಕೂರಬೇಡಿ; ಶಸ್ತ್ರಚಿಕಿತ್ಸೆ ಬಿಟ್ಟರೆ ದಾರಿಯಿಲ್ಲ.

ಬೆಕ್ಕಿನಲ್ಲಿ ಮೂರು ಗುರುತು ಕಾಯಲು ಬಿಡವು: ಬಾಯಿ ತೆರೆದು ಉಸಿರಾಡುವುದು, ಚೀರುತ್ತ ಹಿಂಗಾಲು ಎಳೆದು, ಪಾದ ತಣ್ಣಗಾಗುವುದು, ಗಂಡು ಬೆಕ್ಕು ಮಣ್ಣಿನ ಟ್ರೇಯಲ್ಲಿ ಮುಕ್ಕಿದರೂ ಮೂತ್ರ ಬಾರದಿರುವುದು. ಮಲಬದ್ಧತೆ ಎಂದುಕೊಂಡು ಕಳೆದ ಒಂದು ರಾತ್ರಿ ಆ ಮೂರನೆಯದರಲ್ಲಿ ಬಹಳ ದುಬಾರಿ.

ಸಾಗಿಸುವಾಗ

ಅಪಘಾತವಾಗಿದ್ದರೆ ಹಲಗೆ ಅಥವಾ ಬಿಗಿಯಾಗಿ ಹಿಡಿದ ಬೆಡ್‌ಶೀಟ್ ಮೇಲೆ ಸರಿಸಿ ಎತ್ತಿ. ಬೆಕ್ಕನ್ನು ರಟ್ಟಿನ ಡಬ್ಬಿಗೆ ಇಳಿಸಿ. ಕಚ್ಚುವ ನಾಯಿಯ ಮೂತಿಗೆ ದುಪಟ್ಟಾ ಸುತ್ತಬಹುದು, ಆದರೆ ವಾಂತಿ, ಏದುಸಿರು ಇದ್ದರೆ ಅಥವಾ ಮೂತಿ ಚಪ್ಪಟೆಯಾಗಿದ್ದರೆ ಬೇಡ.

ಹತ್ತಿರದ ಯಾವ ಆಸ್ಪತ್ರೆ ರಾತ್ರಿ ತೆರೆದಿರುತ್ತದೆ, ಎಲ್ಲಿ ಆಮ್ಲಜನಕವಿದೆ ಎಂಬುದನ್ನು ಆರಾಮಿದ್ದಾಗಲೇ ಕೇಳಿ ಗೋಡೆಗೆ ಅಂಟಿಸಿಡಿ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಯ ವಾಹನಗಳ ಮುಖ್ಯ ಉದ್ದೇಶ ಜಾನುವಾರು, ಅದೊಂದನ್ನೇ ನೆಚ್ಚಿ ಕೂರಬೇಡಿ. ಫೋನಿನಲ್ಲಿ ಮೊದಲು ಹೇಳಬೇಕಾದ್ದು ತಳಿ, ತೂಕ, ಉಸಿರಿದೆಯೋ ಇಲ್ಲವೋ, ಒಸಡಿನ ಬಣ್ಣ, ಶುರುವಾಗಿ ಎಷ್ಟು ಹೊತ್ತಾಯಿತು. ವಿಷದ ಪೊಟ್ಟಣ, ಮಾತ್ರೆಯ ಹಾಳೆ, ವಾಂತಿಯ ಒಂದಿಷ್ಟು ಪ್ಲಾಸ್ಟಿಕ್ ಚೀಲದಲ್ಲಿ ಜೊತೆಗಿರಲಿ; ಹಾವನ್ನು ಹಿಡಿದು ತರಬೇಡಿ, ದೂರದಿಂದ ತೆಗೆದ ಒಂದು ಫೋಟೊ ಸಾಕು.